ಆರು ಗುಂಡು ಮುಗಿದ ಮೇಲೆ

ರಿವಾಲ್ವರ್ ಒಳ್ಳೆಯ ಯಂತ್ರ. ಜಾಲಹಳ್ಳಿಯ ಎಚ್‌ಎಂಟಿ ಟೂಲ್ ರೂಮಿನಲ್ಲಿ ಫೈಲು, ಮೈಕ್ರೋಮೀಟರು ಹಿಡಿದು ದುಡಿದವನು ನಾನು, ಅದನ್ನು ಮನಸಾರೆ ಮೆಚ್ಚುತ್ತೇನೆ. ಟ್ರಿಗರ್ ಎಳೆದರೆ ಸಿಲಿಂಡರ್ ಒಂದು ಮನೆ ತಿರುಗಿ, ನಳಿಗೆಯ ನೇರಕ್ಕೆ ಬಂದು ಲಾಕ್ ಆಗಬೇಕು. ಆಮೇಲಷ್ಟೇ ಹ್ಯಾಮರ್ ಬೀಳಬೇಕು. ಆರೂ ಮನೆಗೆ ಇದೇ ಲೆಕ್ಕ. ಒಂದು ಮನೆ ಕೂದಲೆಳೆಯಷ್ಟು ವಾರೆಯಾದರೂ ಗುಂಡು ನಳಿಗೆಯ ಬಾಯಿಗೆ ಉಜ್ಜಿ ಸೀಸ ಸಿಡಿಯುತ್ತದೆ. ಹಾಗಾಗದಂತೆ ಕೂಡಿಸಲು ಪಳಗಿದ ಫಿಟ್ಟರ್ ಕೈ ಬೇಕು. ಗುಂಡು ಹಾರದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಪಕ್ಕದ್ದು ಬರುತ್ತದೆ. ಪೊಲೀಸರು ಇದನ್ನು ಅಷ್ಟು ಕಾಲ ನಂಬಿದ್ದು ಸುಮ್ಮನೆ ಅಲ್ಲ.

ಕಷ್ಟ ಶುರುವಾಗುವುದು ಆರನೆಯ ಗುಂಡಿನ ನಂತರ. ಸಿಲಿಂಡರ್ ಹೊರಕ್ಕೆ ತೆಗೆದು, ಖಾಲಿ ತೋಟಾಗಳನ್ನು ಉದುರಿಸಿ, ಹೊಸದನ್ನು ತುಂಬಬೇಕು. ಎದುರಿನಿಂದ ಗುಂಡು ಬರುವಾಗ ಬೆರಳು ಮಾತು ಕೇಳುವುದಿಲ್ಲ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಎಂಟು ಮಂದಿ ಎಫ್‌ಬಿಐ ಸಿಬ್ಬಂದಿ ಇಬ್ಬರು ದರೋಡೆಕೋರರನ್ನು ಎದುರಿಸಿದರು. ಹೆಚ್ಚಿನವರ ಬಳಿ ಇದ್ದದ್ದು ರಿವಾಲ್ವರ್. ಗಾರ್ಡನ್ ಮೆಕ್‌ನೀಲ್ ಎಂಬವರ ಕೈಗೇ ಗುಂಡು ಬಿದ್ದು, ಖಾಲಿಯಾದ ರಿವಾಲ್ವರನ್ನು ಮತ್ತೆ ತುಂಬಲು ಆಗಲೇ ಇಲ್ಲ. ಸಿಬ್ಬಂದಿಯಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಸತ್ತ ಇಬ್ಬರ ಕೈಯಲ್ಲಿ ಇದ್ದದ್ದು ಪಿಸ್ತೂಲೇ ಎನ್ನುವುದನ್ನೂ ಹೇಳಬೇಕು. ದರೋಡೆಕೋರರ ಬಳಿ ರೈಫಲ್ ಇತ್ತು, ಪಿಸ್ತೂಲು ಮಂತ್ರದಂಡವಲ್ಲ. ಆದರೂ ಆ ಘಟನೆಯ ನಂತರ ರಿವಾಲ್ವರಿನಿಂದ ಪಿಸ್ತೂಲಿಗೆ ಬದಲಾಗುವುದಕ್ಕೆ ವೇಗ ಬಂತು. ನ್ಯೂಯಾರ್ಕ್ ನಗರದ ಪೊಲೀಸರು 1993ರಲ್ಲಿ 9 ಎಂಎಂ ಪಿಸ್ತೂಲಿಗೆ ಹೊರಳಿದರು.

ಪಿಸ್ತೂಲಿನಲ್ಲಿ ಕೆಲಸ ಮಾಡುವುದು ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲ. ಅದು ಮೇಲಿನ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ತೋಟಾ ಹೊರಗೆ ಹಾರುತ್ತದೆ. ಸ್ಪ್ರಿಂಗು ಸ್ಲೈಡನ್ನು ಮುಂದೆ ತರುವಾಗ ಹಿಡಿಯೊಳಗಿನ ಮ್ಯಾಗಜಿನ್‌ನಿಂದ ಹೊಸ ಗುಂಡು ಚೇಂಬರಿಗೆ ಏರುತ್ತದೆ. ನಮ್ಮ ಇಷಾಪುರ ರೈಫಲ್ ಕಾರ್ಖಾನೆ ತಯಾರಿಸುವ 9 ಎಂಎಂ ಪಿಸ್ತೂಲಿಗೆ ಹಿಡಿಸುವುದು 13 ಗುಂಡು. ಬ್ರೌನಿಂಗ್‌ನ 1935ರ ಹೈ-ಪವರ್ ಅದರ ಮೂಲ. ಆಸ್ಟ್ರಿಯಾದ ಗ್ಲಾಕ್ 17ಕ್ಕೆ 17 ಗುಂಡು. ಮ್ಯಾಗಜಿನ್ ಬದಲಿಸಲು ಎರಡು ಮೂರು ಸೆಕೆಂಡು ಸಾಕು. ಗ್ಲಾಕಿನ ಹಿಡಿ ಪಾಲಿಮರ್. ಬಿಡಿಭಾಗಗಳು ಯಂತ್ರದಿಂದ ಒಂದೇ ಅಳತೆಯಲ್ಲಿ ಬರುತ್ತವೆ. ಪೀಣ್ಯದ ಸಿಎನ್‌ಸಿ ಹುಡುಗರಿಗೆ ಇದನ್ನು ವಿವರಿಸಬೇಕಿಲ್ಲ. ಫಿಟ್ಟರ್ ಕೈಯ ಅಗತ್ಯ ಅಲ್ಲಿಗೆ ಕಡಿಮೆಯಾಯಿತು. ನನಗೆ ಬೇಸರವೇ, ಆದರೆ ಠಾಣೆಯ ಬಂದೂಕು ಕೆಟ್ಟಾಗ ಬಿಡಿಭಾಗ ಹಾಕಿ ಸರಿಮಾಡುವಂತಿರಬೇಕು.

ಒಂದು ವಿಷಯದಲ್ಲಿ ಮಾತ್ರ ರಿವಾಲ್ವರೇ ಪ್ರಾಮಾಣಿಕ. ಸಿಲಿಂಡರ್ ತೆರೆದರೆ ಆರೂ ಗುಂಡು ಕಣ್ಣೆದುರು. ಪಿಸ್ತೂಲಿನಿಂದ ಮ್ಯಾಗಜಿನ್ ತೆಗೆದರೂ ಚೇಂಬರಿನಲ್ಲಿ ಒಂದು ಉಳಿದಿರಬಹುದು. ಆಯುಧ ಒರೆಸುವಾಗ ಗುಂಡು ಹಾರಿತೆಂಬ ಸುದ್ದಿ ಓದಿದಾಗಲೆಲ್ಲ ನನಗೆ ಮೊದಲು ಬರುವ ಅನುಮಾನ ಇದೇ. ತಮ್ಮನ ಮಗಳು ಸಬ್‌ಇನ್‌ಸ್ಪೆಕ್ಟರ್. ಅವಳಿಗೆ ತರಬೇತಿಯಲ್ಲಿ ಕಲಿಸಿದ ಕ್ರಮ ಹೀಗಿದೆ: ಮೊದಲು ಮ್ಯಾಗಜಿನ್ ತೆಗೆ, ಆಮೇಲೆ ಸ್ಲೈಡ್ ಎಳೆ, ಚೇಂಬರನ್ನು ಕಣ್ಣಿಂದ ನೋಡು, ಬೆರಳಿಟ್ಟೂ ನೋಡು. "ದೊಡ್ಡಪ್ಪಾ, ಸುಸ್ತಾಗಿರೋ ರಾತ್ರಿ ಎರಡನೇದು ಮೊದಲಾಗಿಬಿಡುತ್ತೆ" ಅಂದಳು. ಸ್ಲೈಡ್ ಮೊದಲು ಎಳೆದರೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಒಳಗೆ ಏರಿರುತ್ತದೆ.