ಸಮುದ್ರದ ಬಾಗಿಲಲ್ಲಿ ಎರಡು ನಾಡುಗಳು

ನದಿಯು ಮಲೆನಾಡುಗಳಿಂದ ಹೊತ್ತು ತಂದ ಮಣ್ಣನ್ನು ಕಡಲ ಸನ್ನಿಧಿಯಲ್ಲಿ ಇಳುಹಿ ಕಟ್ಟಿದ ನೆಲಕ್ಕೆ ಭೂಗೋಳಶಾಸ್ತ್ರದಲ್ಲಿ ಮುಖಜಭೂಮಿಯೆಂದು ಹೆಸರು. ರೈನ್, ಮ್ಯೂಸ್, ಸ್ಕೆಲ್ಟ್ ನದಿಗಳ ಇಂಥ ನೆಲದಲ್ಲಿ ನೆದರ್ಲೆಂಡ್ಸ್ ದೇಶವೂ, ಗಂಗಾ, ಬ್ರಹ್ಮಪುತ್ರಾ, ಮೇಘನಾ ನದಿಗಳ ನೆಲದಲ್ಲಿ ಬಾಂಗ್ಲಾದೇಶವೂ ನೆಲಸಿವೆ. ಹಿಮರಾಶಿಗಳು ಕರಗಿ, ಕಾದ ಕಡಲನೀರು ಹಿಗ್ಗಿ, 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರಿನಷ್ಟು ಮೇಲೆದ್ದಿರಲು, ಈ ಎರಡು ನಾಡುಗಳಲ್ಲಿ ಯಾವುದು ಹೆಚ್ಚು ಅಪಾಯಕ್ಕೆ ಗುರಿಯಾಗಿದೆ?

ನೆಲದ ಎತ್ತರವೊಂದೇ ಪ್ರಮಾಣವಾದರೆ ಉತ್ತರ ಸುಲಭ. ನೆದರ್ಲೆಂಡ್ಸ್ ದೇಶದ ಕಾಲುಭಾಗದಷ್ಟು ಭೂಮಿ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅತಿ ತಗ್ಗಾದ ಸ್ಥಳವು ಆರು ಮೀಟರಿಗೂ ಮಿಕ್ಕಿದ ಆಳದಲ್ಲಿದೆ. ಆದರೆ ವಿಜ್ಞಾನಿಗಳು ಅಪಾಯವನ್ನು ತೂಗುವಾಗ ಮೂರು ಅಂಶಗಳನ್ನು ಕೂಡಿಸಿ ನೋಡುತ್ತಾರೆ: ಪ್ರಕೃತಿಯ ಆಘಾತಕ್ಕೆ ನಾಡು ಎಷ್ಟು ಒಡ್ಡಿಕೊಂಡಿದೆ, ಆ ಆಘಾತದಿಂದ ಜನರ ಬಾಳು ಎಷ್ಟು ಕದಡುತ್ತದೆ, ಅದನ್ನು ಎದುರಿಸಿ ಹೊಂದಿಕೊಳ್ಳುವ ಸಾಮರ್ಥ್ಯ ಅವರಿಗೆ ಎಷ್ಟಿದೆ.

ಮೊದಲನೆಯ ಅಂಶದಲ್ಲಿ ಎರಡಕ್ಕೂ ಸಾದೃಶ್ಯವುಂಟು. ಉತ್ತರ ಸಮುದ್ರವು ದಕ್ಷಿಣಕ್ಕೂ ಬಂಗಾಳಕೊಲ್ಲಿಯು ಉತ್ತರಕ್ಕೂ ಲಾಳಿಕೆಯಂತೆ ಕಿರಿದಾಗುವುದರಿಂದ, ಬಿರುಗಾಳಿಯು ತಳ್ಳಿತಂದ ನೀರು ಹರಡಿಕೊಳ್ಳಲು ಎಡೆಯಿಲ್ಲದೆ ಮೇಲೆದ್ದು ದಡವನ್ನು ನುಂಗುತ್ತದೆ. 1953ರ ಜನವರಿ ಕೊನೆಯ ರಾತ್ರಿ ಹೀಗೆ ನುಗ್ಗಿದ ನೀರಿಗೆ ನೆದರ್ಲೆಂಡ್ಸಿನಲ್ಲಿ 1,836 ಜನ ಬಲಿಯಾದರು. 1970ರ ನವೆಂಬರಿನಲ್ಲಿ, ಅಂದು ಪೂರ್ವ ಪಾಕಿಸ್ತಾನವಾಗಿದ್ದ ಬಾಂಗ್ಲಾದೇಶದ ಭೋಲಾ ಚಂಡಮಾರುತದಲ್ಲಿ ಸತ್ತವರು ಮೂರು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಅಂದಾಜು.

ಆ ದುರಂತಗಳಿಂದ ಇಬ್ಬರೂ ಪಾಠ ಕಲಿತರು. ಹದಿಮೂರನೆಯ ಶತಮಾನದಿಂದಲೇ ನೀರಿನ ಪಂಚಾಯಿತಿಗಳನ್ನು ಕಟ್ಟಿಕೊಂಡು, ಅವುಗಳಿಗೆ ತೆರಿಗೆ ಕೊಟ್ಟು ಏರಿಗಳನ್ನು ಕಾಪಾಡಿಕೊಂಡು ಬಂದಿದ್ದ ಡಚ್ಚರು, ಹಲವು ದಶಕಗಳ ಕಾಲ ಧನವನ್ನು ವ್ಯಯಿಸಿ ಅಳಿವೆಗಳಿಗೆ ಅಣೆಗಳನ್ನೂ, ಬಿರುಗಾಳಿ ಬಂದಾಗ ಮಾತ್ರ ಮುಚ್ಚುವ ಮಹಾದ್ವಾರಗಳನ್ನೂ ನಿರ್ಮಿಸಿದರು; ರಾಟರ್‌ಡ್ಯಾಮಿನ ಜಲಮಾರ್ಗವನ್ನು ಕಾಯುವ ದ್ವಾರವು 1997ರಲ್ಲಿ ಸಿದ್ಧವಾಯಿತು. ಅಷ್ಟು ಧನವಿಲ್ಲದ ಬಾಂಗ್ಲಾದೇಶವು ಮಣ್ಣಿನ ಏರಿಗಳೊಡನೆ ಮನುಷ್ಯರನ್ನೇ ನೆಚ್ಚಿತು. 1972ರಲ್ಲಿ ಆರಂಭವಾದ ಚಂಡಮಾರುತ ಸನ್ನದ್ಧತೆಯ ಯೋಜನೆಯ ಸ್ವಯಂಸೇವಕರು ಧ್ವನಿವರ್ಧಕ ಹಿಡಿದು ಮನೆಮನೆಗೆ ಎಚ್ಚರಿಕೆ ಮುಟ್ಟಿಸಿ, ಜನರನ್ನು ಆಶ್ರಯಕಟ್ಟಡಗಳಿಗೆ ಸಾಗಿಸುತ್ತಾರೆ. 1991ರ ಚಂಡಮಾರುತದಲ್ಲಿ ಸುಮಾರು 1,38,000 ಜನ ಮಡಿದಿದ್ದರೆ, 2007ರ ಪ್ರಬಲ ಸಿದ್ರ್ ಚಂಡಮಾರುತದಲ್ಲಿ ಆ ಸಂಖ್ಯೆ ಕೆಲವು ಸಾವಿರಕ್ಕೆ ಇಳಿಯಿತು.

ಆದರೆ ಪ್ರಾಣ ಉಳಿದ ಮಾತ್ರಕ್ಕೆ ಬದುಕು ಉಳಿಯಿತೆನ್ನಲಾಗದು. ಆಶ್ರಯದಿಂದ ಮರಳಿದ ರೈತನ ಗದ್ದೆಯಲ್ಲಿ ಉಪ್ಪುನೀರು ನಿಂತಿರುತ್ತದೆ, ಕುಡಿಯುವ ಕೆರೆ ಕೆಟ್ಟಿರುತ್ತದೆ. ಬೆಳೆಯನ್ನೇ ನಂಬಿದ ಸಂಸಾರವು ಢಾಕಾದ ಕೊಳೆಗೇರಿಗೆ ವಲಸೆ ಹೋಗುತ್ತದೆ. ಉಪ್ಪನ್ನು ಸಹಿಸುವ ಭತ್ತದ ತಳಿಗಳನ್ನು ಅಲ್ಲಿಯ ವಿಜ್ಞಾನಿಗಳು ರೂಪಿಸಿದ್ದಾರೆ. ಆದರೂ ಹದಿನೇಳು ಕೋಟಿ ಜನರ ನಾಡಿಗೆ ಅದೊಂದೇ ಸಾಲದು.

ಆದುದರಿಂದ, ತಗ್ಗಾದ ನೆಲ ನೆದರ್ಲೆಂಡ್ಸಿನದಾದರೂ ಹೆಚ್ಚಿನ ಅಪಾಯ ಬಾಂಗ್ಲಾದೇಶದ್ದು. ವಾತಾವರಣವನ್ನು ಕಾಯಿಸುವ ಅನಿಲವನ್ನು ಒಬ್ಬ ಡಚ್ಚನಿಗಿಂತ ಹಲವು ಪಟ್ಟು ಕಡಿಮೆ ಹೊಮ್ಮಿಸುವ ಆ ನಾಡಿನ ರೈತನು, ತಾನು ಮಾಡದ ಸಾಲವನ್ನು ತೀರಿಸುತ್ತಿದ್ದಾನೆ. ಏರಿ ಕಟ್ಟುವ ವಿದ್ಯೆಯನ್ನೂ ಧನವನ್ನೂ ಅವನೊಡನೆ ಹಂಚಿಕೊಳ್ಳುವುದು ದಾನವಲ್ಲ, ಋಣಸಂದಾಯ.