ಥೇರ್ವಿಲ್ ಹೊಲದ ಸಾಕ್ಷ್ಯ

ಸಾವಯವ ಕೃಷಿಯಿಂದ ಇಳುವರಿ ಎಷ್ಟು ಕುಗ್ಗುವುದೆಂಬ ಪ್ರಶ್ನೆಗೆ ಒಂದೆರಡು ವರ್ಷಗಳ ಬೆಳೆ ಉತ್ತರ ಹೇಳಲಾರದು; ಮಣ್ಣು ಬದಲಾಗುವುದು ಬಹು ನಿಧಾನ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿಯ ಥೇರ್ವಿಲ್‌ನಲ್ಲಿ 1978ರಲ್ಲಿ ಆರಂಭವಾದ ಪ್ರಯೋಗವನ್ನು ನಾವು ಗಮನಿಸಬೇಕಾದುದು ಆದುದರಿಂದಲೇ. ಅಲ್ಲಿ ಒಂದೇ ಹೊಲದಲ್ಲಿ, ಒಂದೇ ಬೆಳೆಸರದಿಯಲ್ಲಿ, ಸಾವಯವ ಪದ್ಧತಿಯೂ ರಾಸಾಯನಿಕಗಳನ್ನು ಬಳಸುವ ರೂಢಿಯ ಪದ್ಧತಿಯೂ ಅಕ್ಕಪಕ್ಕದಲ್ಲಿ ನಡೆದುವು. 21 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸಾವಯವ ಇಳುವರಿ ಸರಾಸರಿ ಶೇಕಡ 20ರಷ್ಟು ಕಡಿಮೆ. ಪೀಡೆನಾಶಕಗಳ ಬಳಕೆಯಾದರೋ ಶೇಕಡ 97ರಷ್ಟು ಕಡಿಮೆ. ಆದರೆ ಸರಾಸರಿಯೆಂಬುದು ಬಹಳವನ್ನು ಮರೆಮಾಡುತ್ತದೆ. ಗೋಧಿ ಸುಮಾರು ಶೇಕಡ 10ರಷ್ಟು ಮಾತ್ರ ಕುಗ್ಗಿದರೆ, ಆಲೂಗೆಡ್ಡೆ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಕುಗ್ಗಿತು. ಪೊಟ್ಯಾಸಿಯಂ ಕೊರತೆ ಒಂದು ಕಾರಣ. ಅಂಗಮಾರಿ ರೋಗ ಇನ್ನೊಂದು. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ದೂಡಿದ ರೋಗವೂ ಇದೇ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳಾದ ನಾವು ಮರೆಯಲಾರೆವು.