ಪ್ರವಾಸದ ಬುತ್ತಿಯಲ್ಲಿ ಇನ್ಸುಲಿನ್‌ಗೂ ಜಾಗವಿರಲಿ

ಡಿಸೆಂಬರ್ ಬಂತೆಂದರೆ ಬೀದರ್, ಭಾಲ್ಕಿ, ಔರಾದ್‌ಗಳ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ವಿಜಯಪುರದ ಗೋಲಗುಮ್ಮಟ, ಬಾದಾಮಿ, ಹಂಪಿ. ಇನ್ನೂ ದೂರ ಹೋಗುವ ಉತ್ಸಾಹವಿದ್ದರೆ ಗೋಕರ್ಣ, ಮುರುಡೇಶ್ವರ, ಕಾರವಾರದ ಕಡಲು. ಸಮುದ್ರವನ್ನು ಚಿತ್ರದಲ್ಲಷ್ಟೇ ಕಂಡ ಮಕ್ಕಳಿಗೆ ಹೊರಡುವ ತನಕ ನಿದ್ದೆಯೇ ಬಾರದು. ಆದರೆ ಕೆಲವು ಮನೆಗಳಲ್ಲಿ ಒಪ್ಪಿಗೆ ಪತ್ರ ಸಹಿಯಿಲ್ಲದೆ ಮೂಲೆ ಸೇರುತ್ತದೆ. "ಬ್ಯಾಡವ್ವಾ, ಅಲ್ಲಿ ನಿನಗ ಸೂಜಿ ಯಾರು ಹಾಕ್ತಾರ? ಮುಂದಿನ ವರ್ಷ ನೋಡೋಣಂತ" ಎಂದು ತಾಯಿ ಸಮಾಧಾನ ಹೇಳುತ್ತಾಳೆ. ಮುಂದಿನ ವರ್ಷವೂ ಅದೇ ಮಾತು. ಮಗುವಿಗೆ ಇರುವುದು ಒಂದನೇ ಬಗೆಯ ಮಧುಮೇಹ.

ತಾಯಿಯ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಮದ್ದು ಪ್ರವಾಸ ತಪ್ಪಿಸುವುದರಲ್ಲಿ ಇಲ್ಲ. ಮೊದಲೇ ನಡೆಸುವ ಸಿದ್ಧತೆಯಲ್ಲಿದೆ. ಇಂದು ನಾಲ್ಕು ದಿನದ ಪ್ರವಾಸಕ್ಕೆ ಹೋಗಲಾಗದ ಮಗು ನಾಳೆ ಪಿಯುಸಿಗೆ ಕಲಬುರಗಿಯ ವಸತಿನಿಲಯಕ್ಕೋ ಇಂಜಿನಿಯರಿಂಗ್‌ಗೆ ಬೆಂಗಳೂರಿಗೋ ಹೋಗುವುದು ಹೇಗೆ? ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತು ಸೂಜಿ ಹಾಕಿಕೊಳ್ಳುವ ಮಕ್ಕಳಿಗೂ ಸಲ್ಲಬೇಕಾದದ್ದೇ.

ಇದು ಬೇರೆಯೇ ಮಧುಮೇಹ

ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಗೂ ಮಕ್ಕಳ ಈ ಕಾಯಿಲೆಗೂ ವ್ಯತ್ಯಾಸವಿದೆ. ಇಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿಬಿಡುತ್ತದೆ. ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಗುಳಿಗೆಯಿಂದಾಗಲಿ ಕಷಾಯದಿಂದಾಗಲಿ ಇನ್ಸುಲಿನ್ನಿನ ಕೆಲಸ ನಡೆಯದು. ದಿನಕ್ಕೆ ಎರಡರಿಂದ ನಾಲ್ಕು ಸಲ ಚುಚ್ಚುಮದ್ದು, ಬೆರಳು ಚುಚ್ಚಿ ರಕ್ತಪರೀಕ್ಷೆ, ಹೊತ್ತಿಗೆ ಸರಿಯಾಗಿ ಊಟ: ಇದು ದಿನನಿತ್ಯದ ಕ್ರಮ. ಒಂದೆರಡು ದಿನ ಇನ್ಸುಲಿನ್ ನಿಂತರೂ ಪ್ರಾಣಕ್ಕೆ ಅಪಾಯ.

1922ರ ಜನವರಿಯವರೆಗೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಆ ತಿಂಗಳು ಕೆನಡಾದ ಟೊರಾಂಟೊ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡಲಾಯಿತು. ಸಾವಿನಂಚಿನಲ್ಲಿದ್ದ ಹುಡುಗ ಚೇತರಿಸಿಕೊಂಡು ಮತ್ತೆ 13 ವರ್ಷ ಬದುಕಿದ. ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂಗೆ ಮಧುಮೇಹ ಪತ್ತೆಯಾದದ್ದು 1997ರಲ್ಲಿ. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ದೇಶ ದೇಶ ಸುತ್ತಿ ಆಡಿದ ಆತ 2003ರ ವಿಶ್ವಕಪ್‌ನಲ್ಲಿ ಏಕದಿನ ಪಂದ್ಯಗಳ 500ನೇ ವಿಕೆಟ್ ಪಡೆದ. ಊರೂರು ಅಲೆಯುವುದೇ ಆತನ ವೃತ್ತಿಯಾಗಿತ್ತು.

ಹಡಗಿನವರ ಲೆಕ್ಕ

ಪ್ರವಾಸದ ಚೀಲ ಹೇಗೆ ಕಟ್ಟಬೇಕೆಂಬುದನ್ನು ಹಡಗಿನ ಪ್ರಯಾಣಿಕರಿಂದ ಕಲಿಯಬಹುದು. ಬೀದರ್‌ನಿಂದ ಭಾಲ್ಕಿ, ಉದಗೀರ, ಲಾತೂರ ದಾಟಿ ಮುಂಬಯಿಗೆ ರೈಲು ಹೋಗುತ್ತದೆ. ಅದೇ ಮುಂಬಯಿಯಿಂದ 2021ರಲ್ಲಿ ಗೋವಾ, ಲಕ್ಷದ್ವೀಪಗಳ ಕಡೆಗೆ ವಿಹಾರದ ಹಡಗುಗಳ ಹೊಸ ಸಂಚಾರ ಆರಂಭವಾಯಿತು. ಹಡಗು ದಡ ಬಿಟ್ಟ ಮೇಲೆ ಔಷಧಿ ಅಂಗಡಿ ಎಲ್ಲಿ? ಹಡಗಿನಲ್ಲಿ ವೈದ್ಯರಿದ್ದರೂ ಅವರ ಕಪಾಟಿನಲ್ಲಿ ಪ್ರತಿಯೊಬ್ಬ ಪ್ರಯಾಣಿಕನ ಇನ್ಸುಲಿನ್ ಇರುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಅನುಭವಿಗಳು ಬೇಕಾದದ್ದರ ಎರಡು ಪಾಲು ಒಯ್ಯುತ್ತಾರೆ. ಹಮಾಲರ ಕೈಗೆ ಕೊಡುವ ಪೆಟ್ಟಿಗೆಯಲ್ಲಿ ಔಷಧಿ ಇಡುವುದಿಲ್ಲ, ಕೈಚೀಲದಲ್ಲೇ ಇಟ್ಟುಕೊಳ್ಳುತ್ತಾರೆ. ಔಷಧಿಯ ಮೂಲ ಡಬ್ಬಿ, ವೈದ್ಯರ ಚೀಟಿ ಜೊತೆಗಿರುತ್ತವೆ. ನಡುವೆ ಯಾವುದಾದರೂ ಊರಿನ ದಡಕ್ಕೆ ಇಳಿದು ನಾಲ್ಕು ಗಂಟೆ ತಿರುಗಾಡಿ ಬರುವಾಗಲೂ ಆ ಚೀಲ ಹೆಗಲಲ್ಲೇ ಇರುತ್ತದೆ. ಹಡಗಿಗೆ ಮರಳುವುದು ತಡವಾದರೆ ಎಂಬ ಯೋಚನೆ ಅವರದು.

ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿಗೂ ನಡುಗಡಲಿನ ಹಡಗಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬೀದರ್‌ನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್. ರೈಲು ನಿಲ್ದಾಣವಿಲ್ಲದ ಔರಾದ್‌ನ ಮಕ್ಕಳು ಬೀದರ್‌ಗೋ ಭಾಲ್ಕಿಗೋ ಬಂದು ರೈಲು ಹಿಡಿಯಬೇಕು. ಬಸ್ಸೇ ಹತ್ತಲಿ, ರೈಲೇ ಹತ್ತಲಿ, ಚೀಲವನ್ನು ಹಡಗಿನವರಂತೆ ಕಟ್ಟುವುದು ಒಳ್ಳೆಯದು.

ಲೆಕ್ಕ ಸುಲಭ. ಮಗುವಿಗೆ ಒಂದು ಇನ್ಸುಲಿನ್ ದಿನಕ್ಕೆ 40 ಯೂನಿಟ್ ಬೇಕೆನ್ನಿ. ಐದು ದಿನಕ್ಕೆ 200 ಯೂನಿಟ್ ಆಯಿತು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 10 ಮಿಲಿಲೀಟರಿನ ಸೀಸೆಯಲ್ಲಿ, ಮಿಲಿಲೀಟರಿಗೆ 40ರಂತೆ, 400 ಯೂನಿಟ್ ಇರುತ್ತದೆ. ಒಂದು ಸೀಸೆ ಸಾಕಾದರೂ ಎರಡು ಒಯ್ಯಬೇಕು: ಒಂದು ಮಗುವಿನ ಚೀಲದಲ್ಲಿ, ಇನ್ನೊಂದು ಶಿಕ್ಷಕರ ಬಳಿ. ಸೀಸೆ ಕೈಜಾರಿ ಒಡೆಯಬಹುದು, ಚೀಲವೇ ಕಳೆಯಬಹುದು. ಎರಡು ಬಗೆಯ ಇನ್ಸುಲಿನ್ ಬಳಸುವವರು ಎರಡಕ್ಕೂ ಇದೇ ಲೆಕ್ಕ ಹಾಕಬೇಕು. ಸಿರಿಂಜು, ಗ್ಲೂಕೋಮೀಟರಿನ ಪಟ್ಟಿ, ಅದರ ಬ್ಯಾಟರಿ ಇವೂ ಎರಡು ಪಾಲು ಇರಲಿ.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ದಾರಿಯಲ್ಲಿ ಸಿರಿಂಜು ಕೊಳ್ಳುವ ಪ್ರಸಂಗ ಬಂದರೆ ಒಂದು ಎಚ್ಚರ ಬೇಕು. 40ರ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು, 100ರ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. ಇವು ಅದಲು ಬದಲಾದರೆ ಪ್ರಮಾಣವೇ ತಪ್ಪುತ್ತದೆ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 25 ಯೂನಿಟ್. ಅಂದರೆ ಎರಡೂವರೆ ಪಟ್ಟು. 40ರ ಔಷಧಿಯನ್ನು ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ನಾಲ್ಕೇ ಯೂನಿಟ್. ಮೊದಲನೆಯದರಲ್ಲಿ ಸಕ್ಕರೆ ಅಂಶ ಕುಸಿದು ಮೂರ್ಛೆ, ಎರಡನೆಯದರಲ್ಲಿ ಸಕ್ಕರೆ ಏರಿ ತೊಂದರೆ. ಹತ್ತನೇ ತರಗತಿಯ ವಿದ್ಯಾರ್ಥಿಗೆ ಈ ಗುಣಾಕಾರ ಕಷ್ಟವೇನಲ್ಲ. ಒಮ್ಮೆ ತಾನೇ ಮಾಡಿ ನೋಡಿದರೆ ಮರೆಯುವುದೂ ಇಲ್ಲ.

ಬಿಸಿಲು ಮತ್ತು ಮಣ್ಣಿನ ಗಡಿಗೆ

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಳಕೆಯಲ್ಲಿರುವ ಸೀಸೆ 30 ಡಿಗ್ರಿಯೊಳಗಿನ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು. ಹಾಗಾಗಿ ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯಲ್ಲಾಗಲಿ ಬರ್ಫದ ತುಂಡಿನ ಮೇಲಾಗಲಿ ಅದನ್ನು ಇಡಬಾರದು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ್ ಜಿಲ್ಲೆಯಲ್ಲಿ, ವಿದ್ಯುತ್ ಕೈಕೊಟ್ಟಾಗ ಮಣ್ಣಿನ ಗಡಿಗೆ ನೆರವಿಗೆ ಬರುತ್ತದೆ. ದೊಡ್ಡ ಗಡಿಗೆಯೊಳಗೆ ಒದ್ದೆ ಉಸುಕು, ಅದರ ನಡುವೆ ಚಿಕ್ಕ ಗಡಿಗೆ, ಅದರಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಸೀಸೆ. ನೀರು ಆವಿಯಾಗುತ್ತ ಶಾಖವನ್ನು ಹೀರುವುದರಿಂದ ಒಳಗೆ ತಂಪು ಉಳಿಯುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ಓದುವ ಆವೀಕರಣದ ಪಾಠವೇ ಇದು. ಪ್ರಯಾಣದಲ್ಲಿ ಬಳಸುವ, ನೀರಿನಲ್ಲಿ ನೆನೆಸುವ ಬಟ್ಟೆಯ ಚೀಲಗಳೂ ಇದೇ ತತ್ವದವು. ಆದರೆ ಈ ಉಪಾಯ ಒಣ ಹವೆಯಲ್ಲಿ ನಡೆದಷ್ಟು ಚೆನ್ನಾಗಿ ಕಾರವಾರದ ತೇವದ ಗಾಳಿಯಲ್ಲಿ ನಡೆಯದು. ಅಲ್ಲಿ ಥರ್ಮಾಸೇ ಲೇಸು. ತಂಪು ಪೊಟ್ಟಣ ಮತ್ತು ಸೀಸೆಯ ನಡುವೆ ಒಂದು ದಪ್ಪ ಬಟ್ಟೆ ಇರಬೇಕು. ಬಿಸಿಲಲ್ಲಿ ನಿಂತ ಬಸ್ಸಿನೊಳಗೆ, ಎಂಜಿನ್ ಬಳಿ, ಬಸ್ಸಿನ ಮೇಲಿನ ಸಾಮಾನಿನಲ್ಲಿ ಇನ್ಸುಲಿನ್ ಬೇಡವೇ ಬೇಡ. ಬಿಸಿಗೆ ಕೆಟ್ಟ ಔಷಧಿ ನೋಡಲು ಚೆನ್ನಾಗಿಯೇ ಇರಬಹುದು. ಕಾರಣವಿಲ್ಲದೆ ಸಕ್ಕರೆ ಏರುತ್ತಿದ್ದರೆ ಹೊಸ ಸೀಸೆ ತೆರೆಯಬೇಕು.

ತಟ್ಟೆ ಕಂಡ ಮೇಲೆ ಸೂಜಿ

ಮನೆಯಲ್ಲಿ ಎರಡು ಜೋಳದ ರೊಟ್ಟಿ, ತೊಗರಿಬೇಳೆ, ಪಲ್ಯ ಎಂದರೆ ಎಷ್ಟು ಇನ್ಸುಲಿನ್ ಎಂಬುದು ರೂಢಿಯಾಗಿರುತ್ತದೆ. ಪ್ರವಾಸದಲ್ಲಿ ಪೂರಿ, ಉಪ್ಪಿಟ್ಟು, ಸಿಹಿ ಚಹಾ. ಅದರ ಮೇಲೆ ಊಟದ ಹೊತ್ತೂ ತಪ್ಪುತ್ತದೆ. "ಹೋಟೆಲ್ ಇನ್ನೇನು ಬಂತು" ಎಂಬ ಮಾತು ನಂಬಿ ಬಸ್ಸಿನಲ್ಲೇ ಊಟದ ಇನ್ಸುಲಿನ್ ಹಾಕಿಕೊಂಡು, ಊಟ ಒಂದು ತಾಸು ತಡವಾದರೆ ಸಕ್ಕರೆ ಕುಸಿಯುತ್ತದೆ. ಊಟ ಸಿಗುವುದು ಖಚಿತವಾದ ಮೇಲೆಯೇ ಸೂಜಿ ಹಾಕಿಕೊಳ್ಳಬೇಕು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಹೊತ್ತು ತಪ್ಪಿದಾಗ ಆಧಾರ.

ಗೋಲಗುಮ್ಮಟದ ಮಿನಾರಿನ ಮೆಟ್ಟಿಲು ಹತ್ತುವುದು, ಕಡಲ ದಂಡೆಯಲ್ಲಿ ಓಡುವುದು ಇವೆಲ್ಲ ಸಕ್ಕರೆಯನ್ನು ಇಳಿಸುವ ಕೆಲಸಗಳೇ. ಹತ್ತುವ ಮೊದಲು ಪರೀಕ್ಷೆ ಮಾಡಿಕೊಂಡು, ಬೇಕಾದರೆ ಒಂದಿಷ್ಟು ತಿನ್ನಬೇಕು. ಬೆವರು, ನಡುಕ, ಹಸಿವು, ಕಾರಣವಿಲ್ಲದ ಸಿಟ್ಟು ಕಂಡರೆ, ಅಥವಾ ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಕೂಡಲೇ ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟಿನಲ್ಲಿ ಕೊಬ್ಬಿರುವುದರಿಂದ ಅದು ನಿಧಾನ. ಮಗು ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಬೇಕು.

ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲೂ ಅಲೆಗಳ ಮೇಲೆ ಹಡಗಿನಲ್ಲೂ ವಾಂತಿಯಾಗುವುದುಂಟು. ಆಗ "ಏನೂ ತಿಂದಿಲ್ಲವಲ್ಲ, ಸೂಜಿ ಯಾಕೆ" ಎಂದು ಇನ್ಸುಲಿನ್ ಪೂರಾ ನಿಲ್ಲಿಸುವುದು ದೊಡ್ಡ ತಪ್ಪು. ಊಟವಿಲ್ಲದಿದ್ದರೂ ದೇಹಕ್ಕೆ ಒಂದಿಷ್ಟು ಇನ್ಸುಲಿನ್ ಬೇಕೇ ಬೇಕು. ಎಷ್ಟು ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಬೇಕು. ವಾಂತಿ ನಿಲ್ಲದಿದ್ದರೆ, ಉಸಿರು ಆಳವಾಗಿ ವೇಗವಾಗಿ ನಡೆದರೆ, ಬಾಯಿಯಿಂದ ಹಣ್ಣಿನಂಥ ವಾಸನೆ ಬಂದರೆ ತಡಮಾಡದೆ ಆಸ್ಪತ್ರೆ ಸೇರಿಸಬೇಕು.

ಬಚ್ಚಿಟ್ಟರೆ ಅಪಾಯ

ಪ್ರವಾಸದಲ್ಲಿ ಸೂಜಿ ತಪ್ಪುವುದಕ್ಕೆ ಮರೆವಿಗಿಂತ ನಾಚಿಕೆಯೇ ಹೆಚ್ಚು ಕಾರಣವಾಗಬಹುದು. ಗೆಳತಿಯರು ನೋಡಿಯಾರು ಎಂದು ಹುಡುಗಿ ಊಟದ ಹೊತ್ತಿನ ಸೂಜಿ ಬಿಡುತ್ತಾಳೆ. ಹೆಣ್ಣುಮಗಳಾದರೆ ಪಾಲಕರೂ "ಯಾರಿಗೂ ಹೇಳಬ್ಯಾಡ, ನಾಳೆ ಲಗ್ನಕ್ಕ ತೊಡಕಾಗ್ತದ" ಎನ್ನುವುದುಂಟು. ಆದರೆ ರಾತ್ರಿ ಬಸ್ಸಿನಲ್ಲಿ ಸಕ್ಕರೆ ಕುಸಿದಾಗ ಎಬ್ಬಿಸುವವರು ಪಕ್ಕದ ಸೀಟಿನ ಗೆಳತಿಯೇ. ಆಕೆಗೆ ಗೊತ್ತಿಲ್ಲದಿದ್ದರೆ ನಿದ್ದೆ ಎಂದುಕೊಂಡು ಸುಮ್ಮನಾದಾಳು. ಕಡೇ ಪಕ್ಷ ಒಬ್ಬ ಶಿಕ್ಷಕರಿಗೆ, ಇಬ್ಬರು ಸಹಪಾಠಿಗಳಿಗೆ ಲಕ್ಷಣಗಳನ್ನೂ ಗ್ಲೂಕೋಸ್ ಡಬ್ಬಿ ಇರುವ ಜಾಗವನ್ನೂ ಹೇಳಿರಬೇಕು.

ಶಾಲೆಗಳ ಹೊಣೆಯೂ ಇದೆ. ಹತ್ತನೇ ಮತ್ತು ಹನ್ನೆರಡನೇ ತರಗತಿಯ ಇಂಥ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು, ನೀರು ಒಯ್ಯಲು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2017ರಲ್ಲಿ ಅನುಮತಿ ನೀಡಿತು. ತರಗತಿಯಲ್ಲಿ ಸಕ್ಕರೆ ಪರೀಕ್ಷೆ, ಇನ್ಸುಲಿನ್, ನಡುವಿನ ತಿನಿಸಿಗೆ ಅವಕಾಶವಿರಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಸೂಚಿಸಿತು. ತರಗತಿಯಲ್ಲಿ ಸಲ್ಲುವುದು ಪ್ರವಾಸದ ಬಸ್ಸಿನಲ್ಲೂ ಸಲ್ಲಬೇಕಲ್ಲವೆ?

ಬಳಸಿದ ಸೂಜಿಗಳನ್ನು ಕಿಟಕಿಯಿಂದಾಚೆ, ಕಡಲ ಮರಳಿನಲ್ಲಿ ಎಸೆಯುವುದು ಬೇರೆಯವರ ಕಾಲಿಗೆ ಮುಳ್ಳಿಟ್ಟಂತೆ. ಗಟ್ಟಿ ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ತಂದು ಊರಿನ ಆಸ್ಪತ್ರೆಗೆ ಒಪ್ಪಿಸಬೇಕು. ಹಡಗಿನಲ್ಲಾದರೆ ಸಿಬ್ಬಂದಿಯನ್ನು ಕೇಳಿ ಅದಕ್ಕೆಂದೇ ಇರುವ ಪೆಟ್ಟಿಗೆ ಪಡೆಯಬಹುದು.

ಮೊದಲು ಒಂದು ದಿನದ ತಾಲೀಮು

ಇಷ್ಟನ್ನೂ ಒಮ್ಮೆಗೇ ಕಲಿಯಲಾಗದು. ದೂರದ ಪ್ರವಾಸಕ್ಕೆ ಎರಡು ತಿಂಗಳ ಮೊದಲೇ ಮಗು ಮನೆಯಲ್ಲಿ ತಾನೇ ಔಷಧಿ ಎಳೆದು, ತಾನೇ ಚುಚ್ಚಿಕೊಳ್ಳಲಿ. ತಾಯಿ ನೋಡುತ್ತ ಕುಳಿತರೆ ಸಾಕು. ಬಳಿಕ ಭಾಲ್ಕಿ, ಔರಾದ್‌ನ ಮಕ್ಕಳಿಗೆ ಬೀದರ್‌ನ ಒಂದು ದಿನದ ತಿರುಗಾಟವಾಗಲಿ. ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು: ಬಿಸಿಲು, ನಡಿಗೆ, ಹೊರಗಿನ ಊಟ ಎಲ್ಲದರ ಪರೀಕ್ಷೆ ಅಲ್ಲೇ ಆಗುತ್ತದೆ. ಝರಣಿ ನರಸಿಂಹನ ದರ್ಶನಕ್ಕೆ ಸುರಂಗದ ನೀರಿನಲ್ಲಿ ನಡೆದು ಹೋಗಬೇಕು. ಅಂಥಲ್ಲಿ ಮೀಟರು, ಇನ್ಸುಲಿನ್ ಚೀಲವನ್ನು ದಡದಲ್ಲಿ ಯಾರ ಕೈಗೆ ಕೊಡಬೇಕು, ನೀರಿಗೆ ಇಳಿಯುವ ಮೊದಲು ಸಕ್ಕರೆ ಎಷ್ಟಿರಬೇಕು ಎಂಬುದನ್ನು ವೈದ್ಯರನ್ನು ಕೇಳಿ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ತಾಲೀಮಿನಲ್ಲಿ ಎಡವಿದರೆ ಮನೆ ಹತ್ತಿರದಲ್ಲೇ ಇದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೋ ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಕ್ಕಳ ವಿಭಾಗಕ್ಕೋ ಆ ದಿನದ ಸಕ್ಕರೆಯ ಅಂಕಿಗಳನ್ನು ತೋರಿಸಿ ಸಲಹೆ ಪಡೆಯಬಹುದು.

ಒಂದು ದಿನದ ಆ ಅಂಕಿಗಳನ್ನು ಮಗು ತನ್ನ ಕೈಯಾರೆ ಬರೆದಿದ್ದರೆ, ಎಲ್ಲಿ ಏರಿತು, ಎಲ್ಲಿ ಇಳಿಯಿತು, ಏಕೆ ಎಂದು ತಾನೇ ಹೇಳಬಲ್ಲದಾದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಪಾಲಕರಿಗೆ ಬೇರೆ ಭರವಸೆ ಬೇಕಿಲ್ಲ.